ಮೂಳೆ ಕೂಡಿತು, ಮಂಡಿ ಮಡಚಲಿಲ್ಲ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಬೆಂಗಳೂರಿನ ಹನುಮಂತನಗರದಲ್ಲಿರುವ ಒಬ್ಬ ಫಿಸಿಯೋಥೆರಪಿಸ್ಟ್. 19 ವರ್ಷದಿಂದ ಇದೇ ಕೆಲಸ. ಬೆಳಿಗ್ಗೆ ಚಿಕ್ಕದೊಂದು ಕ್ಲಿನಿಕ್, ಮಧ್ಯಾಹ್ನದ ಮೇಲೆ ಸ್ಕೂಟರ್ ಹತ್ತಿ ಮನೆಮನೆಗೆ ಹೋಗುತ್ತೇನೆ. ಆಪರೇಷನ್ ಆಗಿ ಮನೆಗೆ ಬಂದವರನ್ನು ಮತ್ತೆ ನಡೆಸುವುದು ನನ್ನ ಕೆಲಸ. ಒಂದೇ ಒಂದು ವಿಷಯಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ತೊಡೆ ಮೂಳೆ ಮಂಡಿಯ ಹತ್ತಿರ ಮುರಿದವರ ವಿಷಯ.

ಕಳೆದ ಮಂಗಳವಾರ ಶ್ರೀನಗರದ ಒಂದು ಮನೆಗೆ ಹೋಗಿದ್ದೆ. 71 ವರ್ಷದ ಅಜ್ಜಿ. ಬಚ್ಚಲಲ್ಲಿ ಜಾರಿ ಬಿದ್ದು 11 ವಾರ ಆಗಿತ್ತು. ಮಂಡಿಗಿಂತ ನಾಲ್ಕು ಬೆರಳು ಮೇಲೆ ತೊಡೆ ಮೂಳೆ ಮುರಿದಿತ್ತು, ಆಪರೇಷನ್ ಆಗಿತ್ತು. ಮಂಚದ ಮೇಲೆ ಕಾಲು ಉದ್ದಕ್ಕೆ ಚಾಚಿಸಿ, ಆ ಕಡೆ ಈ ಕಡೆ ಒಂದೊಂದು ದಿಂಬು ಒತ್ತಿಟ್ಟಿದ್ದರು. ಸೊಸೆ ಎಕ್ಸ್‌ರೇ ತಂದು ತೋರಿಸಿದರು. ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಹೊರಮಗ್ಗುಲಲ್ಲಿ ಉದ್ದನೆಯ ಪ್ಲೇಟ್, ಒಂಬತ್ತೋ ಹತ್ತೋ ಸ್ಕ್ರೂ. ಮೂಳೆ ಚೆನ್ನಾಗಿ ಕೂಡುತ್ತಿತ್ತು. ಆಪರೇಷನ್ ಮಾಡಿದ ಕೈ ಒಳ್ಳೆಯ ಕೈ.

ಆಮೇಲೆ ಮಂಡಿ ಅಳೆದೆ. 35 ಡಿಗ್ರಿ.

ಈ ಅಂಕಿ ಏನು ಅಂತ ಹೇಳಿಬಿಡುತ್ತೇನೆ. ಕಾಲು ನೇರ ಚಾಚಿದರೆ ಸೊನ್ನೆ. ಕುರ್ಚಿ ಮೇಲೆ ಕೂತಾಗ ಮಂಡಿ ಸುಮಾರು 90 ಡಿಗ್ರಿ ಮಡಚಿರುತ್ತದೆ. ಸಮತಟ್ಟು ನೆಲದಲ್ಲಿ ಸುಮ್ನೆ ನಡೆಯುವುದಕ್ಕೇ 60ರಿಂದ 70 ಬೇಕು. ಮೆಟ್ಟಿಲಿಗೆ 90ರ ಹತ್ತಿರ, ಬಿಎಂಟಿಸಿ ಬಸ್ಸಿನ ಎತ್ತರದ ಮೆಟ್ಟಿಲಿಗೆ ಇನ್ನೂ ಜಾಸ್ತಿ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಬೇಕೆಂದರೆ 120 ದಾಟಬೇಕು. 35 ಡಿಗ್ರಿ ಅಂದರೆ ಕಾಲು ಇದೆ, ಅದು ಕೋಲಿನ ಹಾಗಿದೆ ಅಂತ ಅರ್ಥ.

ಅಜ್ಜಿ ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ. "ಮುರಿದಿದ್ದು ತೊಡೆ ಅಲ್ವೇನಮ್ಮಾ? ಮಂಡಿ ಯಾಕೆ ಹೋಯ್ತು?"

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಗೊತ್ತಾದರೆ ನಾನು ಕೇಳುತ್ತಿರುವುದು ಏನು ಅನ್ನುವುದೂ ನಿಮಗೆ ಗೊತ್ತಾಗುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತೊಡೆ ಮೂಳೆ ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಉದ್ದದ, ಗಟ್ಟಿಯ ಮೂಳೆ. ಮಧ್ಯದಲ್ಲಿ ಗಟ್ಟಿ ಕೊಳವೆಯ ಹಾಗಿರುತ್ತದೆ. ಕೆಳಗೆ ಬರುತ್ತಾ ಬರುತ್ತಾ ಅಗಲವಾಗಿ, ಮಂಡಿಯ ಹತ್ತಿರ ಎರಡು ಉಂಡೆಗಳಾಗಿ ಕವಲೊಡೆಯುತ್ತದೆ. ಆ ಜಾಗದಲ್ಲಿ ಹೊರಗಿನ ಸಿಪ್ಪೆ ತೆಳುವು, ಒಳಗೆ ಸ್ಪಂಜಿನಂಥ ಮೂಳೆ. ವಯಸ್ಸಾದಂತೆ ಆ ಸ್ಪಂಜು ಇನ್ನೂ ಪೊಳ್ಳಾಗುತ್ತದೆ. ಅದಕ್ಕೇ ಈ ಮುರಿತ ಎರಡು ಥರದ ಜನರಲ್ಲಿ ಜಾಸ್ತಿ. ಒಂದು, ಗಾಡಿಯಿಂದ ಜೋರಾಗಿ ಬಿದ್ದ ಹುಡುಗರು. ಇನ್ನೊಂದು, ಮನೆಯೊಳಗೇ ಕಾಲು ಜಾರಿದ ವಯಸ್ಸಾದ ಹೆಂಗಸರು. ಲೆಕ್ಕದಲ್ಲಿ ಇದು ದೊಡ್ಡದಲ್ಲ. ತೊಡೆ ಮೂಳೆಯ ಮುರಿತಗಳಲ್ಲಿ ನೂರಕ್ಕೆ ಮೂರರಿಂದ ಆರು ಮಾತ್ರ ಈ ಜಾಗದ್ದು. ಆದರೆ ಇದರಷ್ಟು ಕಾಡುವ ಮುರಿತಗಳು ಕಡಿಮೆ.

ಮುರಿದ ತಕ್ಷಣ ಸುತ್ತಲಿನ ಸ್ನಾಯುಗಳು ತುಂಡುಗಳನ್ನು ಎಳೆದಾಡುತ್ತವೆ. ತೊಡೆಯ ಸ್ನಾಯು ಮೇಲಕ್ಕೆ ಎಳೆದು ಕಾಲು ಗಿಡ್ಡವಾಗುತ್ತದೆ. ಮೀನಖಂಡದ ಸ್ನಾಯು ಕೆಳಗಿನ ತುಂಡನ್ನು ಹಿಂದಕ್ಕೆ ಬಾಗಿಸುತ್ತದೆ. ಮಂಡಿಯ ಹಿಂದೆಯೇ ಪಾದಕ್ಕೆ ರಕ್ತ ಒಯ್ಯುವ ದೊಡ್ಡ ನಾಳ ಇದೆ. ಚೂಪಾದ ತುಂಡು ಅದಕ್ಕೆ ತಾಗಿದರೆ ಕಾಲಿಗೇ ಕುತ್ತು. ಹೊರಗೆ ಗಾಯವೇ ಇಲ್ಲದಿದ್ದರೂ ತೊಡೆ ಮೂಳೆ ಮುರಿದರೆ ಒಳಗೇ ಒಂದು ಲೀಟರ್, ಕೆಲವೊಮ್ಮೆ ಒಂದೂವರೆ ಲೀಟರ್ ರಕ್ತ ಸೋರಬಹುದು.

ಈ ಅಜ್ಜಿಗೆ ಮೊದಲು ಹಾಕಿಸಿದ್ದು ಕಟ್ಟು. ಪಕ್ಕದ ಮನೆಯವರು ಪುತ್ತೂರು ಕಟ್ಟು, ಅಂದರೆ ಆಂಧ್ರದ ಪುತ್ತೂರಿನ ನಾಟಿ ಪದ್ಧತಿಯ ಕಟ್ಟು, ಹಾಕುವವರ ಹತ್ತಿರ ಕರೆದುಕೊಂಡು ಹೋದರಂತೆ. ಎರಡು ದಿನ ಹಾಗೇ ಹೋಯಿತು. ಮೂರನೇ ದಿನ ಊತ ನೋಡಿ ಮಗ ಹೆದರಿ ಆಸ್ಪತ್ರೆಗೆ ಸೇರಿಸಿದರು. ಆಪರೇಷನ್ ಆಗುವಾಗ ಆರನೇ ದಿನ. ಆ ಮನೆಯವರನ್ನು ನಾನು ಬೈಯಲಿಲ್ಲ. ಜನ ಕಟ್ಟು ಹಾಕಿಸುವ ಕಡೆ ಯಾಕೆ ಹೋಗುತ್ತಾರೆ ಅಂತ ಇಷ್ಟು ವರ್ಷದಲ್ಲಿ ನನಗೆ ಅರ್ಥವಾಗಿದೆ. ಅದು ಹತ್ತಿರ ಇರುತ್ತದೆ, ದುಡ್ಡು ಕಡಿಮೆ, ಅಲ್ಲಿ ಒಬ್ಬರು ಕೈಯಿಟ್ಟು ಮುಟ್ಟಿ ನೋಡುತ್ತಾರೆ, ಕನ್ನಡದಲ್ಲೋ ತೆಲುಗಿನಲ್ಲೋ ಸಮಾಧಾನವಾಗಿ ಮಾತಾಡುತ್ತಾರೆ. ಬೆರಳಿನ ಚಿಕ್ಕ ಮುರಿತವಾದರೆ ಹೇಗೋ ಕೂಡಿಕೊಂಡೀತು. ಮಂಡಿ ಹತ್ತಿರ ಮುರಿದ ತೊಡೆ ಮೂಳೆಗೆ ಮಾತ್ರ ಕಟ್ಟು ಬೇಡವೇ ಬೇಡ. ಇದನ್ನು ಓದುವ ಎಲ್ಲರಲ್ಲೂ ಕೈಮುಗಿದು ಕೇಳುತ್ತೇನೆ. ತಿಕ್ಕಬೇಡಿ, ಎಳೆಯಬೇಡಿ. ಕಾಲಿನ ಕೆಳಗೊಂದು ಹಲಗೆ ಕೊಟ್ಟು, ಅಲುಗಾಡದ ಹಾಗೆ ಬಟ್ಟೆ ಸುತ್ತಿ, 108ಕ್ಕೆ ಫೋನ್ ಮಾಡಿ.

ವಯಸ್ಸಾದವರಿಗೆ ಒಂದೊಂದು ದಿನವೂ ಮುಖ್ಯ. 60 ದಾಟಿದವರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಈ ಮುರಿತವಾದ ಒಂದೇ ವರ್ಷದಲ್ಲಿ ಅವರಲ್ಲಿ ನಾಲ್ವರಲ್ಲಿ ಒಬ್ಬರು ತೀರಿಕೊಂಡಿದ್ದರು. ಸೊಂಟದ ಮೂಳೆ ಮುರಿದವರಷ್ಟೇ ಅಪಾಯ. ನಾಲ್ಕು ದಿನಕ್ಕಿಂತ ಜಾಸ್ತಿ ಆಪರೇಷನ್‌ಗೆ ಕಾದವರಲ್ಲಿ ಸಾವು ಹೆಚ್ಚು, ಎರಡು ದಿನದೊಳಗೆ ಆದವರಲ್ಲಿ ಕಡಿಮೆ. ಮೂಳೆ ಮುರಿತ ಕೊಲ್ಲುವುದಿಲ್ಲ. ಹಾಸಿಗೆ ಕೊಲ್ಲುತ್ತದೆ. ಬೆನ್ನು ಹುಣ್ಣು, ಎದೆಯಲ್ಲಿ ಕಫ, ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ರಕ್ತ.

ಈಗ ಮಂಡಿಗೆ ಬರುತ್ತೇನೆ. ಮಂಡಿ ಮಡಚುವಾಗ ತೊಡೆಯ ಮುಂದಿನ ದೊಡ್ಡ ಸ್ನಾಯು, ಮುರಿದ ಆ ಜಾಗದ ಮೇಲೇ ಜಾರುತ್ತಾ ಕೆಳಗೆ ಹೋಗಬೇಕು. ಮುರಿದಾಗ ಅಲ್ಲಿ ರಕ್ತ ಕಟ್ಟುತ್ತದೆ, ಆಪರೇಷನ್ನಿನ ಗಾಯವೂ ಅಲ್ಲೇ. ಕಾಲು ಆಡಿಸದೆ ಹಾಗೇ ಬಿಟ್ಟರೆ, ಗಾಯ ಮಾಯುವಾಗ ಸ್ನಾಯು ಮೂಳೆಗೇ ಅಂಟಿಕೊಂಡುಬಿಡುತ್ತದೆ. ಬಟ್ಟೆಗೆ ಗೋಂದು ಚೆಲ್ಲಿ ಒಣಗಿದ ಹಾಗೆ. ಮೊದಲ ಎರಡು ಮೂರು ವಾರ ಅದು ಎಳೆಯ ಅಂಟು, ಮೆಲ್ಲಗೆ ಆಡಿಸಿದರೆ ಬಿಡುತ್ತದೆ. ಮೂರು ತಿಂಗಳಾದರೆ ಹಗ್ಗ. ಅಜ್ಜಿಯ ಮಂಡಿ ಹೋಗಿದ್ದು ಹೀಗೆ.

ಹಿಂದೆ ಈ ಮುರಿತಕ್ಕೆ ಆಪರೇಷನ್ ಬೇಡ ಅಂತಲೇ ಇತ್ತು. ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸುತ್ತಿದ್ದರು. 1967ರಲ್ಲಿ ಚಾರ್ಲ್ಸ್ ನೀರ್ ಎಂಬ ಅಮೆರಿಕದ ಸರ್ಜನ್ ಮತ್ತು ಅವರ ಜೊತೆಯವರು 110 ಮುರಿತಗಳನ್ನು ನೋಡಿ, ತೂಕ ಕಟ್ಟುವುದೇ ವಾಸಿ ಅಂದಿದ್ದರು. ಆಗಿನ ಪ್ಲೇಟ್, ಸ್ಕ್ರೂಗಳು ಹಾಗಿದ್ದವು. ಅಷ್ಟರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ 1958ರಲ್ಲಿ ಶುರುವಾಗಿದ್ದ ಎಒ ಅನ್ನುವ ಸರ್ಜನ್‌ಗಳ ಗುಂಪು ಬೇರೆ ದಾರಿ ಹಿಡಿದಿತ್ತು. ಮೂಳೆಯನ್ನು ಗಟ್ಟಿಯಾಗಿ ಕೂಡಿಸಿ, ಕೀಲನ್ನು ಬೇಗ ಆಡಿಸಿ, ಅನ್ನುವುದು ಅವರ ಮಾತು. 1970ರ ಹೊತ್ತಿಗೆ ಅವರ ಪ್ಲೇಟ್‌ಗಳ ಫಲಿತಾಂಶ ನೋಡಿ ಜಗತ್ತು ನಿಧಾನಕ್ಕೆ ಆ ಕಡೆ ತಿರುಗಿತು. ಈಗ ಇರುವ ಲಾಕಿಂಗ್ ಪ್ಲೇಟ್‌ನಲ್ಲಿ ಸ್ಕ್ರೂವಿನ ತಲೆಯೇ ಪ್ಲೇಟಿನ ತೂತಿನಲ್ಲಿ ತಿರುಗಿ ಕಚ್ಚಿಕೊಳ್ಳುತ್ತದೆ. ಹಾಗಾಗಿ ಪೊಳ್ಳು ಮೂಳೆಯಲ್ಲೂ ಹಿಡಿತ ಸಿಗುತ್ತದೆ. ಕೆಲವರಿಗೆ ಮಂಡಿಯ ಕಡೆಯಿಂದ ಮೇಲಕ್ಕೆ ಮೂಳೆಯೊಳಗೇ ರಾಡ್ ಹಾಕುತ್ತಾರೆ. ಕೆಲವರಿಗೆ ಎರಡೂ ಬೇಕಾಗುತ್ತದೆ. ಮುರಿತ ಕೀಲಿನೊಳಗೆ ಇಳಿದಿದ್ದರೆ ಆ ಉಂಡೆಗಳ ನುಣುಪಾದ ಮೇಲ್ಮೈಯನ್ನು ಮೊದಲಿನ ಹಾಗೇ ಸಮ ಕೂಡಿಸಬೇಕು. ಉಂಡೆ ಹಿಂದಕ್ಕೆ ಸೀಳುವ ಒಂದು ಥರದ ಮುರಿತ ಬರೀ ಎಕ್ಸ್‌ರೇಯಲ್ಲಿ ತಪ್ಪಿಹೋಗಬಹುದು, ಅದಕ್ಕೆ ಸಿಟಿ ಸ್ಕ್ಯಾನ್ ಬೇಕು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಈ ಆಪರೇಷನ್ ಹುಟ್ಟಿದ್ದೇ ಮಂಡಿ ಬೇಗ ಆಡಲಿ ಅಂತ. ಪ್ಲೇಟ್ ಹಾಕಿ ಆಮೇಲೆ ಮಂಡಿ ಆಡಿಸದಿದ್ದರೆ, 1967ರ ಹಾಗೆ ತೂಕ ಕಟ್ಟಿ ಮಲಗಿಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಅಜ್ಜಿಯ ಡಿಸ್ಚಾರ್ಜ್ ಸಮ್ಮರಿ ಕೇಳಿ ಓದಿದೆ. ನಾಲ್ಕು ಪುಟ, ಪೂರ್ತಿ ಇಂಗ್ಲಿಷ್. ರಕ್ತ ಪರೀಕ್ಷೆ, ಅರಿವಳಿಕೆ, ಸ್ಕ್ರೂವಿನ ಅಳತೆ ಎಲ್ಲ ಇದೆ. ಕೊನೆಯ ಪುಟದಲ್ಲಿ ಆರು ವಾರ ಕಾಲಿಗೆ ಭಾರ ಬಿಡಬಾರದು ಅಂತ ಒಂದು ಸಾಲು. ಅದರ ಕೆಳಗೆ ಫಿಸಿಯೋಥೆರಪಿ ಅಂತ ಒಂದೇ ಪದ. ಎಲ್ಲಿ, ಯಾವಾಗ, ಎಷ್ಟು, ಏನೂ ಇಲ್ಲ. ಮೊಮ್ಮಗ ಓದಿ ಮನೆಯವರಿಗೆ ಹೇಳಿದ್ದು, "ಅಜ್ಜಿ ಕಾಲು ಅಲ್ಲಾಡಿಸಬಾರದಂತೆ." ಪಿಯುಸಿ ಓದುವ ಹುಡುಗ. ಅವನಿಗೆ ಹೇಗೆ ಗೊತ್ತಾಗಬೇಕು? ಭಾರ ಬಿಡಬೇಡಿ ಅಂದರೆ ಮಡಚಬೇಡಿ ಅಂತಲ್ಲ. ನೆಲಕ್ಕೆ ಊರಬಾರದು, ಆದರೆ ಮಂಚದ ಮೇಲೆ ಕೂತು ಮಂಡಿ ಆಡಿಸಬೇಕು. ಈ ಒಂದು ಮಾತು ಯಾರೂ ಬಿಡಿಸಿ ಹೇಳಲಿಲ್ಲ. ಆ ಮನೆಯವರು 11 ವಾರ ಎಷ್ಟು ಪ್ರೀತಿಯಿಂದ, ಎಷ್ಟು ಎಚ್ಚರದಿಂದ ಆ ಕಾಲನ್ನು ಅಲುಗಾಡದ ಹಾಗೆ ನೋಡಿಕೊಂಡಿದ್ದಾರೆ ಅಂದರೆ, ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ಇನ್ನೊಬ್ಬ ಹುಡುಗನ ಕಥೆ. 26 ವರ್ಷ, ಊಟ ಡೆಲಿವರಿ ಮಾಡುವ ಕೆಲಸ, ಕೆಂಗೇರಿಯಲ್ಲಿ ಬಾಡಿಗೆ ಮನೆ. ನಾಯಂಡಹಳ್ಳಿ ಹತ್ತಿರ ರಾತ್ರಿ ಬೈಕಿಗೆ ಕಾರು ಗುದ್ದಿತು. ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು. 108 ಬೇಗ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಆ ರಾತ್ರಿಯೇ ಗಾಯ ತೊಳೆದು, ಆಂಟಿಬಯಾಟಿಕ್ ಕೊಟ್ಟು, ಹೊರಗಿನಿಂದ ರಾಡಿನ ಚೌಕಟ್ಟು ಹಾಕಿ ನಿಲ್ಲಿಸಿದರು. ಗಾಯ ಸರಿಹೋದ ಮೇಲೆ ಪ್ಲೇಟ್. ಒಂದು ರೂಪಾಯಿ ಕೇಳಲಿಲ್ಲ. ಇದನ್ನು ನಾನು ಜೋರಾಗಿ ಹೇಳಬೇಕು. ನಮ್ಮ ಸರ್ಕಾರಿ ಆಸ್ಪತ್ರೆಗಳ ಮೂಳೆ ಡಾಕ್ಟರ್‌ಗಳು ಎಂಥ ಜನಸಂದಣಿಯಲ್ಲಿ ಕೆಲಸ ಮಾಡುತ್ತಾರೆ ಅನ್ನುವುದು, ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ, ವಿಕ್ಟೋರಿಯಾ, ಬೌರಿಂಗ್‌ಗಳಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿದವರಿಗೆ ಗೊತ್ತು.

ಆಮೇಲೆ ಏನಾಯಿತು? ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಬನ್ನಿ ಅಂದರು. ಎರಡು ಊರುಗೋಲಲ್ಲಿ ಬಸ್ಸು ಹತ್ತಲಾಗದು. ಆಟೋಗೆ ಹೋಗಿ ಬರಲು 500 ರೂಪಾಯಿ ಮೇಲೆ. ದುಡಿಮೆ ನಿಂತಿತ್ತು. ಜೊತೆಗೆ ಬರಬೇಕಾದ ಅಮ್ಮ ಮನೆಗೆಲಸಕ್ಕೆ ಹೋಗುವವರು, ಅವರ ಕೂಲಿಯೂ ಕಟ್. ನಾಲ್ಕು ಸಲ ಹೋಗಿ ಬಿಟ್ಟುಬಿಟ್ಟ. ನನ್ನ ಹತ್ತಿರ ಬಂದಾಗ ಐದು ತಿಂಗಳು, ಮಂಡಿ 50 ಡಿಗ್ರಿ. ಬೈಕಿನ ಫುಟ್‌ರೆಸ್ಟ್ ಮೇಲೆ ಕಾಲಿಡಲು ಆಗುತ್ತಿಲ್ಲ. ಈಗ ಅವನಿಗೆ ಇನ್ನೊಂದು ಆಪರೇಷನ್ ಹೇಳಿದ್ದಾರೆ, ಅಂಟಿದ ಸ್ನಾಯುವನ್ನು ಬಿಡಿಸುವುದಕ್ಕೆ. ಅದರ ಖರ್ಚನ್ನೂ ಕೊನೆಗೆ ಸರ್ಕಾರವೇ ಕೊಡುತ್ತದೆ. ಅದಾದ ಮೇಲೂ ಬೇಕಾಗುವುದು ಅದೇ ಫಿಸಿಯೋಥೆರಪಿ.

ಮಾನ್ಯರೇ, ನಿಮ್ಮ ಇಲಾಖೆಗೆ ನನ್ನ ಮಾತು ಇದು. ಆಯುಷ್ಮಾನ್ ಕಾರ್ಡಿನಿಂದ ಬಡವರ ಆಪರೇಷನ್ ಆಗುತ್ತಿದೆ, ಬಹಳ ದೊಡ್ಡ ಉಪಕಾರ. ಆದರೆ ಆ ಯೋಜನೆಯ ನಿಯಮದಲ್ಲಿ ಆಸ್ಪತ್ರೆಯಿಂದ ಹೊರಬಂದ ಮೇಲಿನ ಖರ್ಚು ಸೇರುವುದು 15 ದಿನದವರೆಗೆ ಮಾತ್ರ. ಹೊಲಿಗೆ ಬಿಚ್ಚುವುದೇ ಆ ಹೊತ್ತಿಗೆ. ಈ ಮುರಿತ ಕೂಡಲು ಮೂರರಿಂದ ಆರು ತಿಂಗಳು ಬೇಕು. ಸರ್ಕಾರದ ಲೆಕ್ಕ ಮುಗಿಯುವ ದಿನ ಮಂಡಿಯ ಲೆಕ್ಕ ಶುರುವಾಗುತ್ತದೆ. ಬೆಂಗಳೂರಲ್ಲಿ ಮನೆಗೆ ಬರುವ ಫಿಸಿಯೋಥೆರಪಿಸ್ಟ್‌ಗೆ ಒಂದು ಸಲಕ್ಕೆ ಸುಮಾರು 600 ರೂಪಾಯಿ ಅಂತ ಇಟ್ಟುಕೊಳ್ಳಿ. ವಾರಕ್ಕೆ ಮೂರು ದಿನ, ಮೂರು ತಿಂಗಳು ಅಂದರೆ 21,600 ರೂಪಾಯಿ. ನಾನೂ ಈ ದುಡ್ಡಿನಿಂದಲೇ ಬದುಕುವವಳು. ಆದರೆ ಇದನ್ನು ಕೊಡಲಾಗದ ಮನೆಗಳೇ ನನ್ನ ಸುತ್ತ ಜಾಸ್ತಿ.

ಇದಕ್ಕೆ ಹೊಸ ಕಟ್ಟಡ ಬೇಡ. 2022ರ ಡಿಸೆಂಬರ್‌ನಲ್ಲಿ ರಾಜ್ಯದಲ್ಲಿ 'ನಮ್ಮ ಕ್ಲಿನಿಕ್' ಅನ್ನುವ ಸರ್ಕಾರದ ಚಿಕ್ಕ ಕ್ಲಿನಿಕ್‌ಗಳು ಶುರುವಾದವು. ಈಗ ಬೆಂಗಳೂರಿನ ವಾರ್ಡುಗಳಲ್ಲಿ ಅವು ಇವೆ. ಒಬ್ಬ ಡಾಕ್ಟರ್, ಒಬ್ಬ ನರ್ಸ್, ಲ್ಯಾಬ್ ಟೆಕ್ನಿಷಿಯನ್ ಇರುತ್ತಾರೆ. ಬಿಪಿ, ಶುಗರ್‌ಗೆ ನಮ್ಮ ಅಜ್ಜಿಯರು ನಡೆದೇ ಹೋಗಿ ಬರುತ್ತಾರೆ. ಅಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ಒಬ್ಬ ಫಿಸಿಯೋಥೆರಪಿಸ್ಟ್ ಕೂರಲಿ. ಬೇಕಾದ ಸಾಮಾನು ಒಂದು ಗಟ್ಟಿ ಮಂಚ, ಒಂದು ವಾಕರ್, ನಾಲ್ಕು ಮರಳಿನ ಚೀಲ, ರಾಟೆಗೆ ಹಾಕುವ ಹಗ್ಗ, ಡಿಗ್ರಿ ಅಳೆಯುವ ಒಂದು ಅಳತೆಪಟ್ಟಿ. ಜನ ಸಿಗುವುದಿಲ್ಲ ಅನ್ನುವ ಮಾತೂ ಇಲ್ಲ. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕಾಲೇಜುಗಳಿಂದ ಪ್ರತಿ ವರ್ಷ ಫಿಸಿಯೋಥೆರಪಿ ಓದಿ ಹುಡುಗ ಹುಡುಗಿಯರು ಹೊರಬರುತ್ತಾರೆ. ನಾನು ಓದಿದಾಗ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ. ನನ್ನ ಬ್ಯಾಚಿನ ಎಷ್ಟೋ ಜನ ಇಲ್ಲಿ ಕೆಲಸ ಸಿಗದೆ ಹೊರದೇಶಕ್ಕೆ ಹೋದರು. ಹತ್ತಿರದಲ್ಲೇ ಕೈಯಿಟ್ಟು ಮುಟ್ಟಿ ನೋಡುವ ಒಬ್ಬರು ಸಿಕ್ಕರೆ, ಎಣ್ಣೆ ಹಾಕಿ ತಿಕ್ಕಿಸಿಕೊಳ್ಳಲು ಜನ ಬೇರೆ ಕಡೆ ಯಾಕೆ ಹೋಗುತ್ತಾರೆ?

ಇನ್ನೊಂದು ಕೋರಿಕೆಗೆ ದುಡ್ಡೇ ಬೇಡ, ಒಂದು ಸುತ್ತೋಲೆ ಸಾಕು. ಕಾಲಿನ ಮೂಳೆಯ ಆಪರೇಷನ್ ಆದ ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಒಂದು ಹಾಳೆ, ದೊಡ್ಡ ಅಕ್ಷರದಲ್ಲಿ. ಆಪರೇಷನ್ ಮಾಡಿದ ಡಾಕ್ಟರೇ ತುಂಬಲಿ. ಮಂಡಿ ಯಾವ ದಿನದಿಂದ ಮಡಚಬೇಕು, ದಿನಕ್ಕೆ ಎಷ್ಟು ಸಲ. ಆರು ವಾರದ ಹೊತ್ತಿಗೆ 90 ಡಿಗ್ರಿ ಮುಟ್ಟುವ ಹಾಗೆ ನಾವು ನೋಡುತ್ತೇವೆ, ಮುಟ್ಟದಿದ್ದರೆ ಯಾರಿಗೆ ತೋರಿಸಬೇಕು. ಪಾದ ಎಂದಿನಿಂದ ಊರಬಹುದು, ಪೂರ್ತಿ ಭಾರ ಎಂದಿನಿಂದ. ಇದು ಎಲ್ಲರಿಗೂ ಒಂದೇ ಅಲ್ಲ. ಪ್ಲೇಟಿನ ಹಿಡಿತ ಚೆನ್ನಾಗಿದ್ದರೆ ವಯಸ್ಸಾದವರನ್ನು ಬೇಗ ನಿಲ್ಲಿಸುವುದೇ ಒಳ್ಳೆಯದು ಅಂತ ಈಗ ಎಷ್ಟೋ ಸರ್ಜನ್‌ಗಳು ಹೇಳುತ್ತಾರೆ. ಅದಕ್ಕೇ ಬರೆದು ಕೊಡಬೇಕು. ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ, ಗಾಯದಿಂದ ನೀರೋ ಕೀವೋ ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಬನ್ನಿ ಅಂತಲೂ ಇರಲಿ. ಸಿಗರೇಟು, ಬೀಡಿ ಸೇದಿದರೆ, ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಮೂಳೆ ಕೂಡುವುದು ಕಷ್ಟ ಅಂತಲೂ. ಬಚ್ಚಲಲ್ಲಿ ಬಿದ್ದು ಮೂಳೆ ಮುರಿದುಕೊಂಡ ಅಜ್ಜಿಗೆ ಮೂಳೆ ಸವೆತದ ಚಿಕಿತ್ಸೆಯನ್ನೂ ಅಲ್ಲೇ ಶುರು ಮಾಡಬೇಕು. ವರ್ಷಕ್ಕೊಂದು ಇಂಜೆಕ್ಷನ್ ಕೊಡುವ ಔಷಧಿಯೂ ಇದೆ. ಬರೀ ಕ್ಯಾಲ್ಸಿಯಂ ಮಾತ್ರೆ ಬರೆದು ಕಳಿಸಿದರೆ, ಮುಂದಿನ ಸಲ ಸೊಂಟ ಮುರಿದು ಬರುತ್ತಾರೆ.

ಶ್ರೀನಗರದ ಮನೆಗೆ ಆ ಮಂಗಳವಾರದಿಂದ ಒಂದು ದಿನ ಬಿಟ್ಟು ಒಂದು ದಿನ ಹೋಗುತ್ತಿದ್ದೇನೆ. ಅಜ್ಜಿಯನ್ನು ಮಂಚದ ಅಂಚಿಗೆ ಕೂರಿಸುತ್ತೇನೆ. ಹಿಮ್ಮಡಿ ಕೆಳಗೆ ಹಳೆಯ ಕಾಟನ್ ಸೀರೆಯ ತುಂಡು, ನೆಲದ ಮೇಲೆ ಜಾರಲಿ ಅಂತ. ಒಳ್ಳೆಯ ಕಾಲಿನಿಂದ ಈ ಕಾಲನ್ನು ಮೆಲ್ಲಗೆ ಹಿಂದಕ್ಕೆ ತಳ್ಳಬೇಕು. ನೋವು ಬಂದ ಜಾಗದಲ್ಲಿ ನಿಲ್ಲಿಸಿ, ಉಸಿರು ಬಿಟ್ಟು, ಹತ್ತು ಎಣಿಸಬೇಕು. ಮೊಮ್ಮಗ ಪಕ್ಕದಲ್ಲಿ ಕೂತು ಎಣಿಸುತ್ತಾನೆ. ಏಳಕ್ಕೆ ಬಂದಾಗ ಅಜ್ಜಿ, "ಸಾಕು ಕಣೋ, ಹತ್ತು ಅಂದ್ಬಿಡು" ಅನ್ನುತ್ತಾರೆ. ಅವನು ಬಿಡುವುದಿಲ್ಲ. ನಿನ್ನೆ ಅಳೆದಾಗ 48 ಡಿಗ್ರಿ. ಮೊದಲ ವಾರವೇ ಶುರು ಮಾಡಿದ್ದರೆ ಇಷ್ಟು ಹೊತ್ತಿಗೆ ಅವರು ವಾಕರ್ ಹಿಡಿದು ಬೀದಿ ಕೊನೆಯ ಗುಡಿಯವರೆಗೆ ಹೋಗಿ ಬರುತ್ತಿದ್ದರು.

ನಮ್ಮ ಮನೆಯಿಂದ ನಡೆದರೆ ಹತ್ತು ನಿಮಿಷದಲ್ಲಿ ಒಂದು 'ನಮ್ಮ ಕ್ಲಿನಿಕ್' ಇದೆ. ನೀವು ಒಂದು ಮಾತು ಹೇಳಿ, ಒಂದು ಮಂಚ ಹಾಕಿಸಿ. ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆವರೆಗೆ ನಾನು ಬಂದು ಕೂರುತ್ತೇನೆ. ಮೊದಲ ಆರು ತಿಂಗಳು ಸಂಬಳ ಬೇಡ. ಯಾರು ಬಂದರು, ಯಾರ ಮಂಡಿ ಎಷ್ಟು ಡಿಗ್ರಿಯಿಂದ ಎಷ್ಟಕ್ಕೆ ಬಂತು ಅಂತ ಪುಸ್ತಕದಲ್ಲಿ ಬರೆದಿಟ್ಟು ನಿಮ್ಮ ಇಲಾಖೆಗೆ ಕೊಡುತ್ತೇನೆ. ಅದನ್ನು ನೋಡಿ ಉಳಿದ ವಾರ್ಡುಗಳ ವಿಷಯ ತೀರ್ಮಾನ ಮಾಡಿ.

ಇಂತಿ,
ಒಬ್ಬ ಫಿಸಿಯೋಥೆರಪಿಸ್ಟ್
ಹನುಮಂತನಗರ, ಬೆಂಗಳೂರು